ಸಲ್ಲಿಸಿದ ಕಾಣಿಕೆ, ಒಪ್ಪಿಸಬೇಕಾದ ಲೆಕ್ಕ



ಕಾಣಿಕೆಯ ವಿಷಯವಾಗಿ ಕ್ರೈಸ್ತ ಸಭೆಗಳಲ್ಲಿ ನಡೆಯುವ ಪ್ರಸಂಗಗಳು ಬಹುಮಟ್ಟಿಗೆ ಕೊಡುವವನನ್ನು ಉದ್ದೇಶಿಸಿದವು. ಎಷ್ಟು ಕೊಡಬೇಕು, ಯಾವ ಮನಸ್ಸಿನಿಂದ ಕೊಡಬೇಕು, ದಶಮಾಂಶ ಎಂದರೆ ಪೂರ್ತಿ ಸಂಬಳದ ಹತ್ತನೆಯ ಒಂದು ಪಾಲೋ ಅಥವಾ ತೆರಿಗೆ ಕಳೆದು ಕೈಗೆ ಬಂದದ್ದರ ಹತ್ತನೆಯ ಒಂದು ಪಾಲೋ ಎಂಬ ಪ್ರಶ್ನೆಗಳನ್ನು ಅಲ್ಲಿ ಶ್ರದ್ಧೆಯಿಂದ ಚರ್ಚಿಸುತ್ತಾರೆ. ಕಾಣಿಕೆ ಚೀಲ ಮುಂದೆ ಬಂದು, ಪ್ರಾರ್ಥನೆಯಾಗಿ, ಹಣ ಎಣಿಕೆಗೆ ಹೋದ ಮೇಲೆ ಅದರ ಗತಿ ಏನು ಎಂಬ ಪ್ರಶ್ನೆ ಮಾತ್ರ ಪ್ರಸಂಗಪೀಠದ ತನಕ ಬರುವುದು ಅಪರೂಪ. ಅದು ಖಜಾಂಚಿಯ ವರದಿಗೆ, ವರ್ಷಕ್ಕೊಮ್ಮೆ ಸೇರುವ ಸಭೆಗೆ ಬಿಟ್ಟ ವಿಷಯ. ಕೊಡುವುದು ಭಕ್ತಿ, ಲೆಕ್ಕ ಇಡುವುದು ಆಡಳಿತ ಎಂದು ನಾವು ವಿಂಗಡಿಸಿಕೊಂಡಿದ್ದೇವೆ. ಈ ವಿಂಗಡಣೆಗೆ ಸತ್ಯವೇದದಲ್ಲಿ ಆಧಾರವಿಲ್ಲ ಎಂಬುದೇ ಇಂದು ನಾನು ನಿಮ್ಮ ಮುಂದೆ ಇಡಬಯಸುವ ವಾದ. ದೇವರಿಗೆ ಸಲ್ಲಿಸಿದ್ದು ಎಂದು ನಾವು ಯಾವುದನ್ನು ಕರೆಯುತ್ತೇವೋ ಅದು ಆ ಗ್ರಂಥದಲ್ಲಿ ಮತ್ತೆಮತ್ತೆ ಮನುಷ್ಯರ ಕೈಗೆ, ಮನುಷ್ಯರ ಬಾಯಿಗೆ ಹೋಗಿ ಮುಟ್ಟುತ್ತದೆ. ಆದ್ದರಿಂದ ಕೊಡುವವನು ಹೇಗೆ ಮನೆವಾರ್ತೆಯವನೋ, ಅಂದರೆ ಒಡೆಯನ ಆಸ್ತಿಯನ್ನು ನೋಡಿಕೊಳ್ಳುವವನೋ, ಹಾಗೆಯೇ ಸ್ವೀಕರಿಸುವ ಸಭೆಯೂ ಮನೆವಾರ್ತೆಯ ಸ್ಥಾನದಲ್ಲಿದೆ. ಲೆಕ್ಕ ಕೇಳುವುದಾದರೆ ಮೊದಲು ಸಭೆಯನ್ನೇ ಕೇಳಬೇಕು.

ಮೊದಲಿಗೆ ಒಡೆತನದ ಮಾತು. ಭೂಮಿ ನನ್ನದು, ನೀವು ನನ್ನಲ್ಲಿ ಇಳಿದುಕೊಂಡಿರುವ ಪ್ರವಾಸಿಗಳು ಎಂಬ ಅರ್ಥದ ದೇವರ ಮಾತು ಯಾಜಕಕಾಂಡದ 25ನೆಯ ಅಧ್ಯಾಯದಲ್ಲಿ ಬರುತ್ತದೆ. ಅದು ಬಂದಿರುವ ಸಂದರ್ಭವನ್ನು ಗಮನಿಸಬೇಕು. ಸಾಲದಿಂದ ಹೊಲ ಕಳೆದುಕೊಂಡವನಿಗೆ ಐವತ್ತನೆಯ ವರ್ಷದಲ್ಲಿ ಅದು ಹಿಂದಕ್ಕೆ ಸಿಗಬೇಕು ಎಂಬ ಕಾನೂನಿಗೆ ಕೊಟ್ಟ ಕಾರಣ ಅದು. ದೇವರೇ ಒಡೆಯ ಎಂಬ ನಂಬಿಕೆಯಿಂದ ಅಲ್ಲಿ ಹುಟ್ಟಿದ್ದು ದೇವಾಲಯದ ಆದಾಯವಲ್ಲ, ಬಡರೈತನ ಹಕ್ಕು. ದೇವಾಲಯ ಕಟ್ಟಲು ಜನರು ಧಾರಾಳವಾಗಿ ಕೊಟ್ಟಾಗ ದಾವೀದನು ಮಾಡಿದ ಪ್ರಾರ್ಥನೆಯಲ್ಲೂ ಇದೇ ಭಾವವಿದೆ: ನಿನ್ನ ಕೈಯಿಂದ ಪಡೆದದ್ದನ್ನೇ ನಿನಗೆ ಕೊಟ್ಟಿದ್ದೇವೆ ಎಂದು ಅರಸನು ಒಪ್ಪಿಕೊಳ್ಳುತ್ತಾನೆ. ಸುವಾರ್ತೆಗಳ ಸಾಮ್ಯಗಳಿಗೆ ಬಂದರೆ, ಯಜಮಾನನು ಪರದೇಶಕ್ಕೆ ಹೋಗುವಾಗ ಆಳುಗಳ ಕೈಗೆ ಒಪ್ಪಿಸುವುದು ತನ್ನ ಆಸ್ತಿಯನ್ನು. ಹಿಂದಿರುಗಿ ಬಂದು ಲೆಕ್ಕ ಕೇಳುವುದೂ ಆ ಇಡೀ ಆಸ್ತಿಗೆ. ಹತ್ತನೆಯ ಒಂದು ಪಾಲಿಗೆ ಮಾತ್ರ ಲೆಕ್ಕ ಕೊಟ್ಟು ಉಳಿದ ಒಂಬತ್ತು ಪಾಲನ್ನು ಸ್ವಂತದ್ದೆಂದು ಇಟ್ಟುಕೊಳ್ಳುವ ಆಳು ಯಾವ ಸಾಮ್ಯದಲ್ಲೂ ಇಲ್ಲ. ದಶಮಾಂಶವನ್ನು ದೇವರ ಪಾಲು, ಉಳಿದದ್ದನ್ನು ನಮ್ಮ ಪಾಲು ಎಂದು ಹಂಚಿಕೊಂಡ ಕೂಡಲೇ ಮನೆವಾರ್ತೆ ಎಂಬುದು ಗೇಣಿಯಾಗಿಬಿಡುತ್ತದೆ. ಗೇಣಿದಾರನು ಗೇಣಿ ಅಳೆದುಕೊಟ್ಟ ಮೇಲೆ ಧಣಿಗೂ ಅವನ ಕಣಜಕ್ಕೂ ಸಂಬಂಧವಿಲ್ಲ. ಮನೆವಾರ್ತೆಯವನಿಗೆ ಹಾಗೆ ಕೈತೊಳೆದುಕೊಳ್ಳುವ ಅವಕಾಶವಿಲ್ಲ.

ಹಾಗಾದರೆ ದಶಮಾಂಶ ಏತಕ್ಕೆ? ಇದಕ್ಕೆ ಧರ್ಮೋಪದೇಶಕಾಂಡವನ್ನು ನಿಧಾನವಾಗಿ ಓದಬೇಕು. ಅದರ 14ನೆಯ ಅಧ್ಯಾಯದ ಪ್ರಕಾರ ಇಸ್ರಾಯೇಲಿನ ರೈತನು ಧಾನ್ಯ, ದ್ರಾಕ್ಷಾರಸ, ಎಣ್ಣೆಗಳ ದಶಮಭಾಗವನ್ನು ದೇವರ ಸನ್ನಿಧಿಗೆ ತಂದು ಅಲ್ಲಿ ತನ್ನ ಮನೆಯವರೊಡನೆ ಊಟಮಾಡಬೇಕು, ಲೇವಿಯನನ್ನು ಮರೆಯಬಾರದು. ಪ್ರತಿ ಮೂರನೆಯ ವರ್ಷ ಆ ಭಾಗ ದೇವಾಲಯಕ್ಕೆ ಹೋಗುವುದೇ ಇಲ್ಲ. ಊರೊಳಗೇ ಕೂಡಿಸಿಟ್ಟು ಲೇವಿಯನಿಗೆ, ಪರದೇಶದವನಿಗೆ, ತಂದೆಯಿಲ್ಲದ ಮಕ್ಕಳಿಗೆ, ವಿಧವೆಗೆ ಕೊಡಬೇಕು. ಅವರು ಉಂಡು ತೃಪ್ತರಾಗಬೇಕು. 26ನೆಯ ಅಧ್ಯಾಯ ಇನ್ನೂ ಮುಂದಕ್ಕೆ ಹೋಗುತ್ತದೆ. ರೈತನು ಪ್ರಥಮಫಲವನ್ನು ಪುಟ್ಟಿಯಲ್ಲಿಟ್ಟುಕೊಂಡು ಬರುತ್ತಾನೆ. ಯಾಜಕನು ಅದನ್ನು ತೆಗೆದು ಯಜ್ಞವೇದಿಯ ಮುಂದೆ ಇಡುತ್ತಾನೆ. ಆಗ ರೈತನು ಹೇಳಬೇಕಾದದ್ದು ಸ್ತೋತ್ರವಲ್ಲ, ಸ್ತುತಿಯೂ ಅಲ್ಲ, ತನ್ನ ಮನೆತನದ ಕಥೆ. ನೆಲೆಯಿಲ್ಲದೆ ಅಲೆದ ಪೂರ್ವಜ, ಐಗುಪ್ತದ ಬಿಟ್ಟಿ ಚಾಕರಿ, ಬಿಡುಗಡೆ, ಈ ನೆಲ. ನಾನೂ ಒಮ್ಮೆ ಭೂಮಿಯಿಲ್ಲದವನಾಗಿದ್ದೆ ಎಂದು ಹೇಳದೆ ಅವನ ಪುಟ್ಟಿ ಸಲ್ಲುವುದಿಲ್ಲ. ಮೂರನೆಯ ವರ್ಷದ ದಶಮಭಾಗ ಕೊಟ್ಟಾದ ಮೇಲಂತೂ ಅವನು ದೇವರ ಮುಂದೆ ನಿಂತು ಲೆಕ್ಕವನ್ನೇ ಒಪ್ಪಿಸಬೇಕು: ಮೀಸಲಾದದ್ದನ್ನು ಮನೆಯಿಂದ ಹೊರಗೆ ತೆಗೆದಿದ್ದೇನೆ, ಇಂಥಿಂಥವರಿಗೆ ಕೊಟ್ಟಿದ್ದೇನೆ, ಶೋಕದಲ್ಲಿದ್ದಾಗ ಅದರಲ್ಲಿ ಏನನ್ನೂ ನಾನು ತಿನ್ನಲಿಲ್ಲ ಎಂದು. ಆ ಲೆಕ್ಕ ಒಪ್ಪಿಸಿದ ಮೇಲೆಯೇ ಆಶೀರ್ವಾದ ಕೇಳುವುದಕ್ಕೆ ಅವನು ಬಾಯಿತೆರೆಯುವುದು. ಲೆಕ್ಕಪತ್ರವೂ ಪ್ರಾರ್ಥನೆಯೂ ಒಂದೇ ಉಸಿರಿನಲ್ಲಿ ಬರುವ ಇಂಥ ಜಾಗವನ್ನು ಬಿಟ್ಟು ನಾವು ಕಾಣಿಕೆಯ ದಿನ ಬೇರೆ ವಾಕ್ಯಗಳನ್ನೇ ಆರಿಸಿ ಓದುತ್ತೇವಲ್ಲ ಎಂದು ನನಗೆ ಆಶ್ಚರ್ಯವಾಗುತ್ತದೆ.

ಇದರ ಪಕ್ಕದಲ್ಲೇ ಇಡಬೇಕಾದ ಇನ್ನೊಂದು ಕಟ್ಟಳೆ ಇದೆ. ಕೊಯ್ಲಿನಲ್ಲಿ ಹೊಲದ ಅಂಚನ್ನು ಕೊಯ್ಯಬಾರದು, ಮರೆತುಬಂದ ಸಿವುಡಿಗೆ ಹಿಂದಿರುಗಿ ಹೋಗಬಾರದು, ಎಣ್ಣೆಮರವನ್ನು ಎರಡನೆಯ ಸಲ ಬಡಿಯಬಾರದು. ಅದು ಬಡವನದು, ಪರದೇಶದವನದು. ಯೆಹೂದ್ಯ ಗುರುಗಳು ಮುಂದೆ ಮಿಷ್ನಾ ಗ್ರಂಥದಲ್ಲಿ ಇದಕ್ಕೆಂದೇ ಒಂದು ಭಾಗವನ್ನು ಮೀಸಲಿಟ್ಟು, ಬಿಡಬೇಕಾದ ಅಂಚು ಬೆಳೆಯ ಅರವತ್ತರಲ್ಲಿ ಒಂದಕ್ಕಿಂತ ಕಡಿಮೆಯಿರಬಾರದು ಎಂದು ಗೊತ್ತುಮಾಡಿದರು. ಇಲ್ಲಿ ಒಡೆಯನು ಕೊಡುವುದೇ ಇಲ್ಲ. ಬಡವನು ತಾನೇ ಬಂದು, ತನ್ನ ಕೈಯಿಂದ ಕೊಯ್ದುಕೊಂಡು ಹೋಗುತ್ತಾನೆ. ಯಾರಿಗೆ ಕೊಡಲಿ, ಯಾರಿಗೆ ಬೇಡ ಎಂದು ಆರಿಸುವ ಅಧಿಕಾರ ಒಡೆಯನಿಗಿಲ್ಲ, ಧನ್ಯವಾದ ಹೇಳಿಸಿಕೊಳ್ಳುವ ಸಂದರ್ಭವೂ ಅವನಿಗಿಲ್ಲ. ಬಡತನ ನೀಗುವುದು ಸರ್ಕಾರದ ಕೆಲಸ, ಜನರಿಗೆ ಬೇಕಾದದ್ದು ದಾನವಲ್ಲ ನ್ಯಾಯ ಎಂದು ಇಂದು ಆಕ್ಷೇಪಿಸುವವರಿದ್ದಾರೆ. ಆ ಆಕ್ಷೇಪ ಸರಿಯಾದದ್ದೇ, ಆದರೆ ಅದು ಸತ್ಯವೇದದ ವಿರುದ್ಧ ಹೇಳುವ ಮಾತಲ್ಲ. ಮೋಶೆಯ ಧರ್ಮಶಾಸ್ತ್ರದಲ್ಲಿ ಬಡವನಿಗೆ ಸೇರಬೇಕಾದದ್ದನ್ನು ಒಡೆಯನ ಕರುಣೆಗೆ ಬಿಟ್ಟಿಲ್ಲ, ಹಕ್ಕಾಗಿಯೇ ಬರೆದಿದೆ. ಸಭೆಯ ಸಹಾಯ ಕೈಚಾಚಿ ನಿಂತವನಿಗೆ ಮಾತ್ರ ಸಿಗುವಂತಿದ್ದರೆ, ಫೋಟೋ ತೆಗೆಸಿಕೊಂಡು ಹಂಚುವಂತಿದ್ದರೆ, ಅದು ಈ ಕಟ್ಟಳೆಯ ಮುಂದೆ ಸಣ್ಣದಾಗಿ ಕಾಣುತ್ತದೆ.

ಈಗ ಎಲ್ಲರಿಗೂ ಪರಿಚಿತವಾದ ಮಲಾಕಿಯ 3ನೆಯ ಅಧ್ಯಾಯಕ್ಕೆ ಬರೋಣ. ದಶಮಾಂಶವನ್ನು ಪೂರ್ತಿಯಾಗಿ ಭಂಡಾರಕ್ಕೆ ತನ್ನಿರಿ, ಆಗ ಆಕಾಶದ ದ್ವಾರಗಳು ತೆರೆಯುವುದನ್ನು ನೋಡುವಿರಿ ಎಂಬ ಆಶಯದ ಮಾತನ್ನು ಕೇಳದ ಕ್ರೈಸ್ತನಿರಲಾರ. ಸಮೃದ್ಧಿಯ ಸುವಾರ್ತೆ ಎನ್ನಿಸಿಕೊಂಡ ಬೋಧನೆಗೆ ಈ ವಚನ ಒಂದು ಮುಖ್ಯ ಆಧಾರ: ನೀನು ಕೊಡು, ದೇವರು ಅದನ್ನು ಹಲವು ಪಟ್ಟಾಗಿ ನಿನ್ನ ಮನೆಗೇ ತಿರುಗಿಸುತ್ತಾನೆ. ಸಾಲದಲ್ಲಿರುವವನಿಗೆ, ಕಾಯಿಲೆಯ ಮನೆಗೆ ಈ ಮಾತು ಎಷ್ಟು ಬೇಗ ತಾಕುತ್ತದೆ ಎಂಬುದು ಗೊತ್ತಿರುವುದರಿಂದಲೇ ಅದನ್ನು ಬಳಸುವವರಿದ್ದಾರೆ. ಅದೇ ಅಧ್ಯಾಯದಲ್ಲಿ ಐದೇ ವಚನಗಳ ಹಿಂದಕ್ಕೆ ಹೋದರೆ ದೇವರು ಯಾರ ಮೇಲೆ ತೀರ್ಪಿಗೆ ಬರುತ್ತಾನೆಂಬ ಪಟ್ಟಿ ಇದೆ. ಕೂಲಿಯವನ ಕೂಲಿಯನ್ನು ಹಿಡಿದಿಟ್ಟವರು, ವಿಧವೆಯನ್ನೂ ಅನಾಥನನ್ನೂ ಬಾಧಿಸಿದವರು, ಪರದೇಶದವನಿಗೆ ನ್ಯಾಯ ತಪ್ಪಿಸಿದವರು ಅದರಲ್ಲಿದ್ದಾರೆ. ಈ ಐದನೆಯ ವಚನವನ್ನು ಬಿಟ್ಟು ಹತ್ತನೆಯದನ್ನು ಬೋಧಿಸುವುದು ಅರ್ಧ ಓದು. ಆಳುಗಳ ಕೂಲಿ ಉಳಿಸಿಕೊಂಡು ಅದರಿಂದಲೇ ದಶಮಾಂಶ ಕೊಟ್ಟವನಿಗೆ ಈ ಅಧ್ಯಾಯದಲ್ಲಿ ಯಾವ ವಾಗ್ದಾನವೂ ಇಲ್ಲ.

ಭಂಡಾರ ಎಂದರೆ ಯಾವುದು ಎಂಬುದನ್ನೂ ಕೇಳಬೇಕು. ಮಲಾಕಿ ಮತ್ತು ನೆಹೆಮೀಯರ ಕಾಲ ಹತ್ತಿರಹತ್ತಿರದ್ದು, ಕ್ರಿ.ಪೂ. 5ನೆಯ ಶತಮಾನದ್ದು ಎಂದು ವಿದ್ವಾಂಸರು ಸಾಮಾನ್ಯವಾಗಿ ಒಪ್ಪುತ್ತಾರೆ. ನೆಹೆಮೀಯನ ಗ್ರಂಥದ ಕೊನೆಯ ಅಧ್ಯಾಯ ಆ ಭಂಡಾರದ ಒಳಗನ್ನೇ ತೆರೆದು ತೋರಿಸುತ್ತದೆ. ಧಾನ್ಯ, ಎಣ್ಣೆ, ಧೂಪಗಳನ್ನು ಇಡುವ ದೊಡ್ಡ ಕೋಣೆಯನ್ನು ಎಲ್ಯಾಷೀಬನೆಂಬ ಯಾಜಕನು ತನಗೆ ಬೇಕಾದ ಟೋಬೀಯನೆಂಬ ಪ್ರಭಾವಶಾಲಿಗೆ ವಾಸಕ್ಕೆ ಬಿಟ್ಟುಕೊಟ್ಟಿದ್ದನು. ಇತ್ತ ಸೇವೆಯಲ್ಲಿದ್ದ ಲೇವಿಯರಿಗೂ ಗಾಯಕರಿಗೂ ಪಾಲು ಸಿಗದೆ ಅವರು ಹೊಟ್ಟೆಪಾಡಿಗಾಗಿ ತಮ್ಮತಮ್ಮ ಹೊಲಗಳಿಗೆ ಹೋಗಿಬಿಟ್ಟಿದ್ದರು. ನೆಹೆಮೀಯನು ಬಂದವನೇ ಜನರಿಗೆ ದಶಮಾಂಶದ ಪ್ರಸಂಗ ಮಾಡಲಿಲ್ಲ. ಮೊದಲು ಟೋಬೀಯನ ಸಾಮಾನನ್ನೆಲ್ಲ ಹೊರಗೆ ಎಸೆಯಿಸಿದನು, ಕೋಣೆಗಳನ್ನು ಶುದ್ಧಿಮಾಡಿಸಿದನು, ಅಧಿಕಾರಿಗಳನ್ನು ತರಾಟೆಗೆ ತೆಗೆದುಕೊಂಡನು. ಜನರು ದಶಮಾಂಶ ತಂದದ್ದು ಇಷ್ಟೆಲ್ಲ ಆದ ಮೇಲೆ. ಬಳಿಕ ಅವನು ಭಂಡಾರಕ್ಕೆ ಒಬ್ಬ ಯಾಜಕ, ಒಬ್ಬ ಲಿಪಿಕಾರ, ಒಬ್ಬ ಲೇವಿಯ ಹಾಗೂ ಅವರಿಗೆ ಒಬ್ಬ ಸಹಾಯಕನನ್ನು ನೇಮಿಸಿದನು. ನಂಬಿಗಸ್ತರೆಂದು ಹೆಸರು ಪಡೆದದ್ದೇ ಅವರ ಅರ್ಹತೆ, ಸರಿಯಾಗಿ ಹಂಚುವುದೇ ಅವರ ಕೆಲಸ. ಮಲಾಕಿಯ ವಾಗ್ದಾನವನ್ನು ಸಭೆಗೆ ಓದುವವರು ನೆಹೆಮೀಯನ ಈ ಕ್ರಮವನ್ನೂ ಓದಬೇಕು. ಜನರ ಕೈ ಬಿಗಿಯಾದಾಗ ಅವರ ಭಕ್ತಿ ಕಡಿಮೆಯಾಯಿತೆಂದು ದೂರುವುದು ಸುಲಭ. ಭಂಡಾರದ ಕೋಣೆಯಲ್ಲಿ ಯಾರು ವಾಸವಾಗಿದ್ದಾರೆ ಎಂದು ಹೋಗಿ ನೋಡುವುದು ಕಷ್ಟದ ಕೆಲಸ, ಆದರೆ ಮೊದಲು ಆಗಬೇಕಾದದ್ದು ಅದೇ.

ಇದಕ್ಕಿಂತ ಹಳೆಯ ಇನ್ನೊಂದು ಪ್ರಸಂಗ ಅರಸುಗಳ ಎರಡನೆಯ ಗ್ರಂಥದ 12ನೆಯ ಅಧ್ಯಾಯದಲ್ಲಿದೆ. ದೇವಾಲಯದ ದುರಸ್ತಿಗೆಂದು ಬಂದ ಹಣ ಯಾಜಕರ ಕೈಯಲ್ಲಿತ್ತು. ಅರಸನಾದ ಯೆಹೋವಾಷನ ಆಳಿಕೆಯ 23ನೆಯ ವರ್ಷವಾದರೂ ದುರಸ್ತಿಯಾಗಲಿಲ್ಲ. ಆಗ ಯಾಜಕನಾದ ಯೆಹೋಯಾದನು ಒಂದು ಪೆಟ್ಟಿಗೆ ತಂದು, ಅದರ ಮುಚ್ಚಳದಲ್ಲಿ ತೂತು ಕೊರೆದು, ಯಜ್ಞವೇದಿಯ ಬಲಗಡೆಯಲ್ಲಿ ಇಡಿಸಿದನು. ಅದು ತುಂಬಿದಾಗ ಅರಸನ ಲೇಖಕನೂ ಮಹಾಯಾಜಕನೂ ಇಬ್ಬರೂ ಬಂದು ಎಣಿಸಿ, ಚೀಲಗಳಲ್ಲಿ ಕಟ್ಟಿ, ಬಡಗಿಗಳಿಗೂ ಕಲ್ಲುಕುಟಿಗರಿಗೂ ಕೊಡುವ ಮೇಸ್ತ್ರಿಗಳ ಕೈಗೆ ಒಪ್ಪಿಸುತ್ತಿದ್ದರು. ನಮ್ಮ ಕಾಣಿಕೆ ಡಬ್ಬಿಯ ಮೂಲಪುರುಷ ಆ ಪೆಟ್ಟಿಗೆ. ಅದು ಹುಟ್ಟಿದ್ದು ಭಕ್ತರ ಉದಾರತೆಯಿಂದಲ್ಲ, ಯಾಜಕರ ಮೇಲಿನ ಅಪನಂಬಿಕೆಯಿಂದ ಎಂಬುದನ್ನು ಗ್ರಂಥಕರ್ತನು ಮುಚ್ಚಿಡುವುದಿಲ್ಲ. ಆದರೆ ಅದೇ ಅಧ್ಯಾಯದಲ್ಲಿ ಮೇಸ್ತ್ರಿಗಳನ್ನು ಲೆಕ್ಕ ಕೇಳುತ್ತಿರಲಿಲ್ಲ, ಅವರು ನಂಬಿಗಸ್ತರಾಗಿದ್ದರು ಎಂದೂ ಬರೆದಿದೆ. ನಂಬಿಕೆಯಿರುವಲ್ಲಿ ಲೆಕ್ಕ ಯಾಕೆ ಎಂದು ಈ ವಚನ ಹಿಡಿದು ವಾದಿಸಬಹುದು. ನನ್ನ ಉತ್ತರ ಇಷ್ಟೇ: ಲೆಕ್ಕದ ವಿನಾಯಿತಿ ಅಲ್ಲಿ ಸಿಕ್ಕಿದ್ದು ದಿನಗೂಲಿಯ ಕೆಲಸ ನಡೆಸುವ ಮೇಸ್ತ್ರಿಗಳಿಗೆ. ಪೆಟ್ಟಿಗೆಯ ಬೀಗ ತೆಗೆಯುವ ಇಬ್ಬರು ದೊಡ್ಡವರು ಮಾತ್ರ ಒಬ್ಬರ ಮುಂದೆ ಒಬ್ಬರು ಕೂತು ಎಣಿಸಬೇಕಾಗಿತ್ತು. ನಮ್ಮ ಕಾಲದಲ್ಲಿ ಇದು ತಿರುಗುಮುರುಗಾಗಿ, ಕೆಳಗಿನವನು ಹತ್ತು ರೂಪಾಯಿಗೆ ರಸೀತಿ ತರಬೇಕು, ಮೇಲಿನವರ ಸಹಿಗೆ ಪ್ರಶ್ನೆಯಿಲ್ಲ ಎಂಬಂತಾಗುವುದುಂಟು.

ಹೊಸ ಒಡಂಬಡಿಕೆಯಲ್ಲಿ ಈ ವಿಷಯದ ಮುಖ್ಯ ಸಾಕ್ಷಿ ಪೌಲ. ಯೆರೂಸಲೇಮಿನ ಬಡ ವಿಶ್ವಾಸಿಗಳಿಗಾಗಿ ಅವನು ಗಲಾತ್ಯ, ಮಕೆದೋನ್ಯ, ಅಖಾಯ ಪ್ರಾಂತ್ಯಗಳ ಸಭೆಗಳಿಂದ ಹಣ ಕೂಡಿಸಿದನು. ಕೊರಿಂಥದವರಿಗೆ ಬರೆದ ಎರಡನೆಯ ಪತ್ರಿಕೆಯ 8 ಮತ್ತು 9ನೆಯ ಅಧ್ಯಾಯಗಳು ಈ ವಂತಿಗೆಯನ್ನು ಕುರಿತೇ ಇವೆ. ಅವುಗಳಲ್ಲಿ ದಶಮಾಂಶ ಎಂಬ ಮಾತೇ ಬರುವುದಿಲ್ಲ. ಒಬ್ಬನಲ್ಲಿ ಇರುವುದಕ್ಕೆ ಅನುಸಾರವಾಗಿ ಕೊಟ್ಟದ್ದು ಒಪ್ಪಿಗೆಯಾಗುತ್ತದೆ, ಇಲ್ಲದ್ದಕ್ಕೆ ಅನುಸಾರವಾಗಿ ಅಲ್ಲ ಎನ್ನುತ್ತಾನೆ. ಬೇರೆಯವರಿಗೆ ಸುಖವಾಗಲೆಂದು ನಿಮಗೆ ಹೊರೆಯಾಗಬೇಕೆಂಬುದು ಉದ್ದೇಶವಲ್ಲ, ಸಮಾನತೆ ಇರಬೇಕು ಎಂದು ಹೇಳಿ, ಅರಣ್ಯದಲ್ಲಿ ಮನ್ನ ಕೂಡಿಸಿದವರ ಕಥೆಯನ್ನು ನೆನಪಿಗೆ ತರುತ್ತಾನೆ: ಹೆಚ್ಚು ಕೂಡಿಸಿದವನಿಗೆ ಮಿಗಲಿಲ್ಲ, ಕಡಿಮೆ ಕೂಡಿಸಿದವನಿಗೆ ಕೊರತೆಯಾಗಲಿಲ್ಲ. ಆಮೇಲೆ ಬರುವ ಭಾಗವನ್ನು ನಾವು ಪ್ರಸಂಗಗಳಲ್ಲಿ ದಾಟಿಹೋಗುತ್ತೇವೆ. ಹಣ ಸಾಗಿಸಲು ತೀತನ ಜೊತೆಗೆ ಇನ್ನಿಬ್ಬರನ್ನು ಕಳುಹಿಸುತ್ತಿದ್ದೇನೆ, ಅವರಲ್ಲಿ ಒಬ್ಬನನ್ನು ಆರಿಸಿದವರು ಸಭೆಗಳೇ, ಈ ದೊಡ್ಡ ಮೊತ್ತದ ವಿಷಯದಲ್ಲಿ ನಮ್ಮ ಮೇಲೆ ತಪ್ಪುಹೊರಿಸಲು ಯಾರಿಗೂ ಆಸ್ಪದವಾಗಬಾರದು, ದೇವರ ಮುಂದೆ ಮಾತ್ರವಲ್ಲ ಮನುಷ್ಯರ ಮುಂದೆಯೂ ಸರಿಯಾದದ್ದನ್ನೇ ಮಾಡಬೇಕು ಎಂದು ಅವನು ವಿವರಿಸುತ್ತಾನೆ. ಅಪೊಸ್ತಲರ ಕೃತ್ಯಗಳ 20ನೆಯ ಅಧ್ಯಾಯದಲ್ಲಿ ಪೌಲನ ಕೊನೆಯ ಯೆರೂಸಲೇಮ್ ಪ್ರಯಾಣಕ್ಕೆ ಜೊತೆಯಾದ ಏಳು ಮಂದಿಯ ಹೆಸರು, ಊರುಗಳಿವೆ: ಬೆರೋಯದವನು ಒಬ್ಬ, ಥೆಸಲೊನೀಕದವರು ಇಬ್ಬರು, ದೆರ್ಬೆಯವನು, ಆಸ್ಯದವರು ಇಬ್ಬರು, ತಿಮೊಥೆಯ. ಕೊಟ್ಟ ಸಭೆಗಳ ಪ್ರತಿನಿಧಿಗಳು ಇವರೇ ಎಂದು ಹಲವು ವ್ಯಾಖ್ಯಾನಕಾರರು ತಿಳಿಯುತ್ತಾರೆ. ಅಪೊಸ್ತಲನಾದ ಪೌಲನೇ ಒಬ್ಬನೇ ಹಣ ಹಿಡಿದು ಹೋಗಲು ಒಪ್ಪಲಿಲ್ಲವೆಂದ ಮೇಲೆ, ನನ್ನನ್ನು ಲೆಕ್ಕ ಕೇಳುವುದು ನನ್ನ ಅಭಿಷೇಕಕ್ಕೆ ಅವಮಾನ ಎನ್ನುವವರ ಮಾತಿಗೆ ಬೆಲೆ ಉಳಿಯುವುದಿಲ್ಲ.

ಪೌಲನ ಬಳಿಕ, ಎರಡನೆಯ ಶತಮಾನದ ರೋಮಿನಲ್ಲಿ ಜಸ್ಟಿನ್ ಎಂಬ ಕ್ರೈಸ್ತ ಲೇಖಕ ಬರೆದಿಟ್ಟ ಆರಾಧನೆಯ ವರ್ಣನೆಯಲ್ಲಿ ಕಾಣಿಕೆಯನ್ನು ಸಭಾಧ್ಯಕ್ಷನ ಬಳಿ ಇಡುತ್ತಾರೆ, ಅವನು ಅದರಿಂದ ಅನಾಥರು, ವಿಧವೆಯರು, ರೋಗಿಗಳು, ಸೆರೆಯಲ್ಲಿರುವವರು, ಊರಿಗೆ ಬಂದ ಅಪರಿಚಿತರು, ಇವರನ್ನು ನೋಡಿಕೊಳ್ಳುತ್ತಾನೆ. ಕಾರ್ಥೇಜಿನ ತೆರ್ತುಲ್ಲಿಯನ್ ಅದೇ ಶತಮಾನದ ಕೊನೆಯಲ್ಲಿ, ತಿಂಗಳಿಗೊಮ್ಮೆ ಇಷ್ಟವಿದ್ದವರು, ಶಕ್ತಿಯಿದ್ದವರು ಮಾತ್ರ ಹಾಕುತ್ತಾರೆ, ಬಲವಂತವಿಲ್ಲ ಎಂದು ಹೆಮ್ಮೆಯಿಂದ ಹೇಳುತ್ತಾನೆ. ಕಾಲಕ್ರಮದಲ್ಲಿ ಇದು ಬದಲಾಯಿತು. 585ರ ಮಾಕೋನ್ ಸಮ್ಮೇಳನ ದಶಮಾಂಶ ಕೊಡದವರಿಗೆ ಬಹಿಷ್ಕಾರ ವಿಧಿಸಿತು, 779ರಲ್ಲಿ ಶಾರ್ಲಮೇನ್ ಅದನ್ನು ರಾಜಶಾಸನವಾಗಿ ಮಾಡಿದ. ಇಂಗ್ಲೆಂಡಿನಲ್ಲಿ ಕ್ವೇಕರರು ಅದನ್ನು ಕೊಡಲೊಲ್ಲದೆ ಸೆರೆಮನೆ ಸೇರಿದರು. ಐರ್ಲೆಂಡಿನ ಕಥೋಲಿಕ ರೈತರು ತಾವು ಕಾಲಿಡದ ಆಂಗ್ಲಿಕನ್ ಸಭೆಗೆ ದಶಮಾಂಶ ತೆರಬೇಕಾಗಿ ಬಂದು 1830ರ ದಶಕದಲ್ಲಿ ರಕ್ತವೇ ಹರಿಯಿತು. ಪಾಲು ಎಷ್ಟೆಂಬುದು ಮುಖ್ಯವಾಗಿ, ಪಾಲು ಯಾರಿಗೆಂಬುದು ಮರೆತುಹೋದಾಗ ದಶಮಾಂಶ ಕಂದಾಯವಾಗುತ್ತದೆ ಎಂಬುದಕ್ಕೆ ಇಷ್ಟು ಸಾಕು.

ಕನ್ನಡ ನೆಲಕ್ಕೆ ಈ ವಿಚಾರ ಹೊರಗಿನದಲ್ಲ. ನಮ್ಮ ದಾನಶಾಸನಗಳ ಕೊನೆಯಲ್ಲಿ ಬರುವ ಶಾಪಾಶಯದ ಶ್ಲೋಕಗಳನ್ನು ನೆನೆಯಿರಿ. ತಾನು ಕೊಟ್ಟದ್ದಾಗಲಿ ಪರರು ಕೊಟ್ಟದ್ದಾಗಲಿ, ದತ್ತಿಯನ್ನು ಅಪಹರಿಸಿದವನಿಗೆ ಘೋರವಾದ ಗತಿಯನ್ನು ಅವು ಹೇಳುತ್ತವೆ; ದಾನ ಮಾಡುವುದಕ್ಕಿಂತ ದಾನವನ್ನು ಪಾಲಿಸುವುದು ಮೇಲು ಎಂದೂ ಸಾರುತ್ತವೆ. ಕಲ್ಲಿನಲ್ಲಿ ಬರೆಸಿ ಊರ ನಡುವೆ ನಿಲ್ಲಿಸಿದ್ದೇ ಎಲ್ಲರಿಗೂ ಕಾಣಲಿ, ಯಾರೂ ಅಲ್ಲಗಳೆಯದಿರಲಿ ಎಂದು. ಹನ್ನೆರಡನೆಯ ಶತಮಾನದ ಶರಣರ ಕಾಯಕ-ದಾಸೋಹದ ವಿಚಾರವನ್ನೂ ಇಲ್ಲಿ ಸ್ಮರಿಸಬೇಕು. ಶರಣ ಮಾರಯ್ಯನು ಎಂದಿಗಿಂತ ಹೆಚ್ಚು ಅಕ್ಕಿ ಆಯ್ದು ತಂದಾಗ ಅವನ ಹೆಂಡತಿ ಆಯ್ದಕ್ಕಿ ಲಕ್ಕಮ್ಮ ಅದನ್ನು ಹಿಂದಕ್ಕೆ ಸುರಿದುಬರಲು ಹೇಳಿದಳೆಂಬ ಕಥೆ ಕನ್ನಡಿಗರಿಗೆಲ್ಲ ಗೊತ್ತು. ಪೌಲನು ನೆನಪಿಸಿದ ಮನ್ನದ ಕಥೆಗೂ ಇದಕ್ಕೂ ಇಲ್ಲದ ನಂಟನ್ನು ನಾನು ಎಳೆದುತರುತ್ತಿಲ್ಲ. ಎರಡರ ದೇವತಾಭಾವನೆ ಬೇರೆ, ಆರಾಧನೆಯ ರೀತಿ ಬೇರೆ. ಆದರೂ ಕೊಡುವುದಕ್ಕೆ ಮುಂಚೆ, ಇಟ್ಟುಕೊಳ್ಳುವುದು ಎಷ್ಟು ಎಂಬ ಪ್ರಶ್ನೆಯನ್ನು ಎರಡೂ ಕೇಳುತ್ತವೆ.

ನಮ್ಮ ಸಭೆಗಳ ಹಬ್ಬಗಳನ್ನೇ ನೋಡಿ. ಕರಾವಳಿಯ ಕಥೋಲಿಕರು ಸೆಪ್ಟೆಂಬರ್ 8ರ ಮೊಂತಿ ಹಬ್ಬದಂದು ಹೊಸ ಭತ್ತದ ತೆನೆಯನ್ನು ಇಗರ್ಜಿಗೆ ತಂದು ಆಶೀರ್ವದಿಸಿ ಮನೆಮನೆಗೂ ಹಂಚುತ್ತಾರೆ. ಆ ಕಾಳನ್ನು ಅಂದಿನ ಹೊಸ ಅಕ್ಕಿ ಊಟದಲ್ಲಿ ಬೆರೆಸಿ ಮನೆಯವರೆಲ್ಲ ಒಟ್ಟಿಗೆ ಕೂತು ಉಣ್ಣುತ್ತಾರೆ. ದೊಡ್ಡ ಗದ್ದೆಯವನಿಗೂ ಗದ್ದೆಯೇ ಇಲ್ಲದವನಿಗೂ ಸಿಗುವುದು ಅದೇ ತೆನೆ. ಕಾಣಿಕೆಯಾಗಿ ಹೋದದ್ದು ಎಲ್ಲರ ಎಲೆಗೆ ಹಿಂದಿರುಗುವ ಈ ಪದ್ಧತಿಯಲ್ಲಿ ಧರ್ಮೋಪದೇಶಕಾಂಡದ ಊಟ ಇನ್ನೂ ಉಳಿದಿದೆ. ಪ್ರೊಟೆಸ್ಟೆಂಟ್ ಸಭೆಗಳ ಬೆಳೆ ಹಬ್ಬದಲ್ಲಿ ಬಾಳೆಗೊನೆ, ಕುಂಬಳಕಾಯಿ, ತೆಂಗಿನಕಾಯಿ, ಊರಕೋಳಿ, ಮನೆಯಲ್ಲಿ ಮಾಡಿದ ತಿಂಡಿ ಎಲ್ಲ ಬರುತ್ತವೆ. ಆರಾಧನೆ ಮುಗಿದ ಮೇಲೆ ಏಲಂ. ಅಂಗಡಿಯಲ್ಲಿ ಐವತ್ತು ರೂಪಾಯಿಗೆ ಸಿಗುವ ಕುಂಬಳಕಾಯಿಯನ್ನು ಒಬ್ಬರು ಸಾವಿರಕ್ಕೆ ಕೂಗಿ ಹಿಡಿದು, ಮತ್ತೆ ಏಲಂಗೇ ಹಿಂದಕ್ಕೆ ಕೊಡುತ್ತಾರೆ. ಬೆಲೆಯ ಲೆಕ್ಕವನ್ನು ಸಂತೋಷದಿಂದ ಮರೆಯುವ ಈ ಗಳಿಗೆ ನನಗೆ ಬಹಳ ಪ್ರಿಯವಾದದ್ದು. ಬಡ ಹೆಂಗಸಿನ ಹಿತ್ತಲಿನ ಕಾಯಿಗೆ ಅಲ್ಲಿ ತೋಟದವನ ಗೊನೆಯಷ್ಟೇ ಮಾನ ಸಿಗುತ್ತದೆ. ಆದರೆ ಕೂಗಲು ಶಕ್ತಿಯಿಲ್ಲದವರು ಹಿಂದಿನ ಬೆಂಚಿನಲ್ಲಿ ಕೂತು ನೋಡುತ್ತಾರೆ. ಆ ಹಣ ವರ್ಷವರ್ಷವೂ ಕಟ್ಟಡದ ನಿಧಿಗೇ ಹೋಗುವುದಾದರೆ, ಲೇವಿಯನೂ ಪರದೇಶದವನೂ ಸೇರಿ ಸಂತೋಷಪಡಬೇಕು ಎಂಬ ಪ್ರಥಮಫಲದ ಕಟ್ಟಳೆ ಅರ್ಧಕ್ಕೇ ನಿಂತಂತೆ.

ಹಿಡಿ ಅಕ್ಕಿಯ ಪದ್ಧತಿ ಇನ್ನೂ ವಿಶೇಷವಾದದ್ದು. ಕೇರಳದಲ್ಲಿ ಸಂತ ಕುರಿಯಾಕೋಸ್ ಎಲಿಯಾಸ್ ಚಾವರ (1805–1871) ಬಡಮಕ್ಕಳ ಮಧ್ಯಾಹ್ನದ ಊಟಕ್ಕಾಗಿ ಪಿಡಿಯರಿಯನ್ನು, ಅಂದರೆ ಅಡುಗೆಗೆ ಅಳೆಯುವಾಗ ಒಂದು ಹಿಡಿ ಅಕ್ಕಿ ಎತ್ತಿಡುವುದನ್ನು ರೂಢಿಗೆ ತಂದರು. ಮಿಜೋರಾಂನ ಪ್ರೆಸ್ಬಿಟೇರಿಯನ್ ಸಭೆಯಲ್ಲಿ 20ನೆಯ ಶತಮಾನದ ಆರಂಭದ ದಶಕಗಳಿಂದ ಇದೇ ಪದ್ಧತಿ ಬುಹ್‌ಫಾಯ್ ಥಾಮ್ ಎಂಬ ಹೆಸರಿನಲ್ಲಿ ನಡೆದುಬಂದಿದೆ. ಊರಿನ ಹೆಂಗಸರು ಮನೆಮನೆಯಿಂದ ಆ ಅಕ್ಕಿಯನ್ನು ಕೂಡಿಸುತ್ತಾರೆ. ಮಂಗಳೂರು, ಧಾರವಾಡಗಳಲ್ಲಿ ಕೆಲಸಮಾಡಿದ ಬಾಸೆಲ್ ಮಿಷನ್ನಿಗೂ 19ನೆಯ ಶತಮಾನದ ಮಧ್ಯಭಾಗದಿಂದ ಸ್ವಿಟ್ಜರ್ಲೆಂಡ್ ಮತ್ತು ದಕ್ಷಿಣ ಜರ್ಮನಿಯ ಸಾಮಾನ್ಯ ಜನರು ವಾರಕ್ಕೊಂದು ಅರ್ಧ ಬಾಟ್ಸೆನ್ ನಾಣ್ಯ ಕೊಡುವ ವಂತಿಗೆ ಆಧಾರವಾಗಿತ್ತು. ಈ ಮೂರರಲ್ಲೂ ಕೊಟ್ಟವರು ಬಹುಪಾಲು ಹೆಸರಿಲ್ಲದವರು. ಸ್ವಂತ ಆದಾಯವಿಲ್ಲದ ಗೃಹಿಣಿಗೆ ದಶಮಾಂಶದ ಲೆಕ್ಕವೇ ಇಲ್ಲ, ಹಿಡಿ ಅಕ್ಕಿ ಇದೆ. ಅದನ್ನು ಕೊಟ್ಟದ್ದು ಮನೆಯ ತುತ್ತಿನಿಂದ. ಆ ತುತ್ತು ಎತ್ತಿಟ್ಟ ಕೈಗಳಿಗೆ, ಕೂಡಿದ ಹಣವನ್ನು ಯಾವುದಕ್ಕೆ ಬಳಸಬೇಕೆಂದು ತೀರ್ಮಾನಿಸುವ ಸಮಿತಿಗಳಲ್ಲಿ ಎಷ್ಟು ಜಾಗವಿದೆ ಎಂದು ಕೇಳದೆ ನಾವು ಅವರ ತ್ಯಾಗವನ್ನು ಹೊಗಳುವುದು ಸರಿಯಲ್ಲ.

ಇಲ್ಲಿಗೆ ಬಡ ವಿಧವೆಯ ಕಾಣಿಕೆಯ ಮಾತು ಬರಲೇಬೇಕು, ಏಕೆಂದರೆ ನನ್ನ ವಾದಕ್ಕೆ ಎದುರಾಗಿ ಮೊದಲು ಎತ್ತುವುದು ಅದನ್ನೇ. ಅವಳು ಯಾರನ್ನೂ ಲೆಕ್ಕ ಕೇಳಲಿಲ್ಲ, ಇದ್ದದ್ದನ್ನೆಲ್ಲ ಹಾಕಿದಳು, ಯೇಸು ಮೆಚ್ಚಿದನು. ಅವಳು ಹಾಕಿದ ಎರಡು ಕಾಸು ಸೇರಿ ಅಂದಿನ ಒಂದು ದಿನದ ಕೂಲಿಯ ಅರವತ್ತನಾಲ್ಕರಲ್ಲಿ ಒಂದು ಪಾಲಿನಷ್ಟು. ಅವಳ ಭಕ್ತಿ ದೊಡ್ಡದು, ಅದರಲ್ಲಿ ಸಂಶಯವಿಲ್ಲ. ಆದರೆ ಮಾರ್ಕನು ಆ ಘಟನೆಯನ್ನು ಎಲ್ಲಿ ಇಟ್ಟಿದ್ದಾನೆ ನೋಡಿ. ಅದಕ್ಕೆ ತೀರ ಹಿಂದಿನ ಮಾತು, ವಿಧವೆಯರ ಮನೆಗಳನ್ನು ನುಂಗಿ ನಟನೆಗಾಗಿ ಉದ್ದುದ್ದ ಪ್ರಾರ್ಥಿಸುವ ಶಾಸ್ತ್ರಿಗಳನ್ನು ಕುರಿತದ್ದು. ತೀರ ಮುಂದಿನದು, ಈ ದೇವಾಲಯದ ಕಲ್ಲಿನ ಮೇಲೆ ಕಲ್ಲು ನಿಲ್ಲುವುದಿಲ್ಲ ಎಂಬ ಭವಿಷ್ಯವಾಣಿ. ನಡುವೆ ನಿಂತ ವಿಧವೆ ಕೊಡುವವರಿಗೆ ಮಾದರಿಯಾದರೆ, ತೆಗೆದುಕೊಳ್ಳುವ ದೇವಾಲಯದ ಮೇಲೆ ಅದೇ ಗಳಿಗೆಯಲ್ಲಿ ಸಾಕ್ಷಿಯೂ ಆಗುತ್ತಾಳೆ. ಅವಳನ್ನು ಸಾಕಬೇಕಾದ ಭಂಡಾರ ಅವಳ ಕೊನೆಯ ಕಾಸನ್ನೂ ತೆಗೆದುಕೊಂಡಿತು. ಇದೇ ಸುವಾರ್ತೆಯ 7ನೆಯ ಅಧ್ಯಾಯದಲ್ಲಿ ಯೇಸು ಕೊರ್ಬಾನ್ ಪದ್ಧತಿಯನ್ನು ಖಂಡಿಸುತ್ತಾನೆ. ತಂದೆತಾಯಿಗೆ ಸಲ್ಲಬೇಕಾದದ್ದನ್ನು ದೇವರಿಗೆ ಮೀಸಲು ಎಂದು ಹೇಳಿ ಅವರನ್ನು ಕೈಬಿಡುವವನ ಕಾಣಿಕೆಯನ್ನು ದೇವರು ಕೇಳಲಿಲ್ಲ ಎಂಬುದು ಅಲ್ಲಿನ ತಾತ್ಪರ್ಯ. ಪರ್ವತಪ್ರಸಂಗದಲ್ಲಿ ಸಹೋದರನ ಜೊತೆಗಿನ ವ್ಯಾಜ್ಯ ಮುಗಿಯುವ ತನಕ ಕಾಣಿಕೆ ಯಜ್ಞವೇದಿಯ ಮುಂದೆಯೇ ಕಾಯಬೇಕು. ಜಕ್ಕಾಯನು ಅನ್ಯಾಯವಾಗಿ ತೆಗೆದುಕೊಂಡದ್ದಕ್ಕೆ ನಾಲ್ಕರಷ್ಟು ಹಿಂದಕ್ಕೆ ಕೊಡುತ್ತೇನೆ ಎಂದನು. ಸಲ್ಲಬೇಕಾದವರಿಗೆ ಸಲ್ಲಿಸುವುದು ಮುಂಚೆ, ದೇವರಿಗೆ ಸಲ್ಲಿಸುವುದು ಆಮೇಲೆ ಎಂಬ ಕ್ರಮವನ್ನು ಈ ವಾಕ್ಯಗಳೆಲ್ಲ ಒಟ್ಟಾಗಿ ಕಲಿಸುತ್ತವೆ.

ಎಲ್ಲವನ್ನೂ ಬಡವರಿಗೇ ಹಂಚುವುದಾದರೆ ಆರಾಧನೆಯ ಚೆಲುವಿಗೆ, ಗೋಪುರಕ್ಕೆ, ಗಾನಕ್ಕೆ ಜಾಗವೆಲ್ಲಿ ಎಂಬುದು ಇನ್ನೊಂದು ಆಕ್ಷೇಪ. ಬೇಥಾನ್ಯದಲ್ಲಿ ಒಬ್ಬಳು ಮುನ್ನೂರು ದಿನಾರಿಗಿಂತ ಹೆಚ್ಚು ಬೆಲೆಯ, ಅಂದರೆ ಸುಮಾರು ಒಂದು ವರ್ಷದ ಕೂಲಿಯಷ್ಟರ ಸುಗಂಧತೈಲವನ್ನು ಯೇಸುವಿನ ತಲೆಯ ಮೇಲೆ ಹೊಯ್ದಾಗ, ಬಡವರಿಗೆ ಕೊಡಬಹುದಾಗಿತ್ತಲ್ಲ ಎಂದವರನ್ನು ಅವನು ಗದರಿಸಿದನು. ಇದು ಗಂಭೀರವಾದ ಆಕ್ಷೇಪ, ನಾನು ಅದಕ್ಕೆ ತಲೆಬಾಗುತ್ತೇನೆ. ಪ್ರೀತಿಯ ದುಂದನ್ನು ತಕ್ಕಡಿಯಲ್ಲಿ ತೂಗಬಾರದು. ಆದರೆ ಅವಳು ಒಡೆದದ್ದು ತನ್ನ ಸ್ವಂತ ಭರಣಿಯನ್ನು, ವಿಧವೆಯರ ಕಾಸಿನಿಂದ ಕೊಂಡ ಭರಣಿಯನ್ನಲ್ಲ. ಬಡವರು ಯಾವಾಗಲೂ ನಿಮ್ಮ ಬಳಿ ಇರುತ್ತಾರೆ ಎಂಬ ಯೇಸುವಿನ ಮಾತು ಧರ್ಮೋಪದೇಶಕಾಂಡದ 15ನೆಯ ಅಧ್ಯಾಯದ ಪ್ರತಿಧ್ವನಿ, ಅಲ್ಲಿ ಆ ಮಾತು ಮುಗಿಯುವುದು ಆದ್ದರಿಂದ ಕೈಬಿಚ್ಚಿ ಕೊಡಿರಿ ಎಂಬ ಆಜ್ಞೆಯಿಂದ. ಬಡವರ ಪರವಾಗಿ ಅಂದು ಮಾತಾಡಿದವನು ಹಣದ ಚೀಲ ಹೊತ್ತಿದ್ದ ಯೂದನೆಂದೂ, ಅವನು ಅದರಿಂದ ಕದಿಯುತ್ತಿದ್ದನೆಂದೂ ಯೋಹಾನನ ಸುವಾರ್ತೆ ಸೇರಿಸುತ್ತದೆ. ಅಪೊಸ್ತಲರ ಗುಂಪಿನಲ್ಲೇ ಹೀಗಾಗಿರುವಾಗ ನಮ್ಮಲ್ಲಿ ಲೆಕ್ಕ ಬೇಡವೆನ್ನಲು ಯಾವ ಧೈರ್ಯ? ಬಲಗೈ ಮಾಡಿದ್ದು ಎಡಗೈಗೆ ತಿಳಿಯದಿರಲಿ ಎಂಬ ಬೋಧನೆಯನ್ನೂ ಗುಟ್ಟಿಗೆ ಆಧಾರವಾಗಿ ಎತ್ತುವುದುಂಟು. ಅದು ಧರ್ಮಕೊಡುವವನು ತನ್ನ ಹೆಸರನ್ನು ಮರೆಮಾಡಲು ಹೇಳಿದ ಮಾತು. ಪರರ ಹಣ ಇಟ್ಟುಕೊಂಡವನಿಗೆ ಅದು ಅನ್ವಯಿಸುವುದಿಲ್ಲ.

ಕಾನೂನಿನ ಪ್ರಕಾರ ನಮ್ಮ ಟ್ರಸ್ಟುಗಳೂ ಸಂಘಗಳೂ ಲೆಕ್ಕ ಇಡಬೇಕು, ಅವುಗಳ ಲೆಕ್ಕಪರಿಶೋಧನೆಯೂ ಆಗುತ್ತದೆ. ಅದು ಬೇಕಾದದ್ದೇ. ಆದರೆ ಲೆಕ್ಕಪರಿಶೋಧಕನು ನೋಡುವುದು ಖರ್ಚಿಗೂ ವೋಚರಿಗೂ ತಾಳೆಯಾಗುತ್ತದೆಯೇ ಎಂದು. ವಿಧವೆಗೆ ಮುಟ್ಟಿತೇ ಎಂದು ಕೇಳುವುದು ಅವನ ಕೆಲಸವಲ್ಲ, ಸಭೆಯ ಕೆಲಸ. ಹಿಂದಿನವರು ಆಸ್ಪತ್ರೆಗೆ, ಶಾಲೆಗೆ, ಅನಾಥಾಲಯಕ್ಕೆ ಎಂದು ಬಿಟ್ಟುಹೋದ ಭೂಮಿ ನಮ್ಮ ಕಾಲದಲ್ಲಿ ಕೋರ್ಟಿನ ಮೆಟ್ಟಿಲು ಹತ್ತುವುದನ್ನು ಎಲ್ಲರೂ ಬಲ್ಲಿರಿ. ಆದ್ದರಿಂದ ಸಭೆ ತನ್ನ ವಾರ್ಷಿಕ ಲೆಕ್ಕದಲ್ಲಿ ಮೂರು ಸಂಗತಿಗಳನ್ನು ಬಿಡಿಸಿ ಬರೆಯಬೇಕೆಂದು ನಾನು ಕೇಳಿಕೊಳ್ಳುತ್ತೇನೆ. ಬಂದ ಕಾಣಿಕೆಯಲ್ಲಿ ನಾಲ್ಕು ಗೋಡೆಗಳ ಹೊರಗೆ ಹೋದದ್ದೆಷ್ಟು. ದತ್ತಿಯಾಗಿ ಬಂದ ಪ್ರತಿಯೊಂದು ಆಸ್ತಿಯ ಇಂದಿನ ಸ್ಥಿತಿ ಏನು, ಅದನ್ನು ಕೊಟ್ಟವರ ಉದ್ದೇಶ ಏನಾಗಿತ್ತು. ಇವೆರಡಕ್ಕೂ ಮುಂಚೆ, ಸಭೆಯ ಅಂಗಳ ಗುಡಿಸುವವರಿಗೆ, ಗಂಟೆ ಹೊಡೆಯುವವರಿಗೆ, ಅದರ ಶಾಲೆಗಳಲ್ಲಿ ತಾತ್ಕಾಲಿಕ ಎಂಬ ಹೆಸರಿನಲ್ಲಿ ವರ್ಷಗಟ್ಟಲೆ ದುಡಿಯುತ್ತಿರುವ ಶಿಕ್ಷಕಿಯರಿಗೆ ಕೊಡುತ್ತಿರುವ ಸಂಬಳ ಎಷ್ಟು, ಬಾಕಿ ಉಳಿದದ್ದೆಷ್ಟು. ಹೊಲ ಕೊಯ್ದವರ ಹಿಡಿದಿಟ್ಟ ಕೂಲಿ ಕೂಗಿಕೊಳ್ಳುತ್ತದೆ ಎಂದು ಯಾಕೋಬನು ತನ್ನ ಪತ್ರಿಕೆಯಲ್ಲಿ ಬರೆದದ್ದು ಹೊರಗಿನ ಧಣಿಗಳಿಗೆ ಮಾತ್ರ ಅಲ್ಲ. ಈ ಮೂರು ಸಂಗತಿಗಳನ್ನು ಬರೆದ ಪುಟವನ್ನು ವರ್ಷಕ್ಕೊಮ್ಮೆ ಭಾನುವಾರದ ಆರಾಧನೆಯಲ್ಲಿಯೇ, ಕಾಣಿಕೆ ಎತ್ತುವುದಕ್ಕೆ ಮುಂಚೆ, ಸಭಾಪಾಲಕರೇ ನಿಂತು ಓದಲಿ.